ಡ್ಯಾಶ್‌ಬೋರ್ಡಿನ ಜೀರ್ಣೋದ್ಧಾರ

ಎಂಜಿಬಿ ಕಾರಿಗೆ ವಾಲ್‌ನಟ್ ಮರದ ಡ್ಯಾಶ್‌ಬೋರ್ಡ್ ಹಾಕಿಸುವುದು ರೆಸ್ಟೊರೇಷನ್ ಅಲ್ಲ. ಹಾಗೆಂದು ಬಿಲ್ಲಿನಲ್ಲಿ ಬರೆದು ಹಣ ಕೇಳುವವರ ಮೇಲೆ ನನಗೆ ಸಿಟ್ಟಿದೆ. ಕೇಳಿದಷ್ಟು ಕೊಟ್ಟು, ಭಾನುವಾರ ಹಳ್ಳಿಯ ಪಬ್ಬಿನ ಮುಂದೆ ಕಾರು ನಿಲ್ಲಿಸಿ "ಹಳೇ ಇಂಗ್ಲೆಂಡಿನ ಕಳೆ ನೋಡಿ" ಎಂದು ಬೀಗುವವರ ಮೇಲೆ ಇನ್ನೂ ಹೆಚ್ಚು. ಅಂಥವರಲ್ಲಿ ಇಲ್ಲಿನ ಕನ್ನಡಿಗ ಮಿತ್ರರೂ ಇದ್ದಾರೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಊರಿನ ಓದುಗರಿಗೆ ಎರಡು ಮಾತು. ಎಂಜಿಬಿ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಬಳಿಯ ಆಬಿಂಗ್ಡನ್‌ನಲ್ಲಿ ತಯಾರಾದ ಪುಟ್ಟ ಸ್ಪೋರ್ಟ್ಸ್ ಕಾರು. ನಮಗೇನೂ ಹೊರಗಿನದಲ್ಲ. ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ನಮ್ಮ ಅಂಬಾಸಡರ್‌ನಲ್ಲಿ ಬಹುಕಾಲ ಓಡಿದ 1489 ಸಿಸಿ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್, ಎರಡೂ ಬಿಎಂಸಿಯ ಬಿ-ಸರಣಿಯವು. ದಾಯಾದಿಗಳು ಅನ್ನಿ.

ಮೊದಲ ಎಂಜಿಬಿಗಳ ಡ್ಯಾಶ್‌ಬೋರ್ಡ್ ಉಕ್ಕಿನ ತಗಡು. ಅದರ ಮೇಲೆ ಒಣಗುತ್ತಾ ತಾನಾಗಿ ಸುಕ್ಕುಗಟ್ಟುವ ಕಪ್ಪು ಬಣ್ಣ. ಕೈಯಾಡಿಸಿದರೆ ಒಣದ್ರಾಕ್ಷಿಯ ಮೈ. ಬಿಸಿಲು ಬಿದ್ದರೆ ಹೊಳೆದು ಕಣ್ಣಿಗೆ ಹೊಡೆಯುವುದಿಲ್ಲ. ಅಮೆರಿಕಕ್ಕೆ ಹೋಗುವ ಕಾರುಗಳಿಗೆ ಅಲ್ಲಿನ ಸುರಕ್ಷತಾ ನಿಯಮದಿಂದಾಗಿ 1968ರ ಮಾದರಿಯಿಂದ ಮೆತ್ತನೆಯ ಹೊದಿಕೆ ಬಂತು. ಅಭಿಮಾನಿಗಳು ಅದಕ್ಕೆ 'ಆಬಿಂಗ್ಡನ್ ದಿಂಬು' ಎಂದು ಅಡ್ಡಹೆಸರಿಟ್ಟರು. ಕೊನೆಯ ವರ್ಷಗಳಲ್ಲಿ ಪ್ಲಾಸ್ಟಿಕ್. ಮರ ಮಾತ್ರ ಯಾವ ಮಾಮೂಲು ಮಾದರಿಯಲ್ಲೂ ಇರಲಿಲ್ಲ. ಮರ ಬೇಕಿದ್ದವರು ಜಾಗ್ವಾರ್ ಮಾರ್ಕ್ 2 ಕೊಳ್ಳುತ್ತಿದ್ದರು. ಆ ಜಾಗ್ವಾರ್‌ನ ವೆನೀರ್ ಬಿಸಿಲಿಗೆ ಬಿರಿದಾಗ ಹಳೇ ವಾರ್ನಿಷ್ ತೆಗೆದು, ಎದ್ದ ಪದರವನ್ನು ಮತ್ತೆ ಅಂಟಿಸಿ, ಹೋದಲ್ಲಿ ಎಳೆ ಹೊಂದುವ ಚೂರು ಕೂರಿಸುವವರಿಗೆ ನಾನು ಕೈಮುಗಿಯುತ್ತೇನೆ. ಅದು ರೆಸ್ಟೊರೇಷನ್.

ಎಂಜಿಬಿಯಲ್ಲಿ ನಡೆಯುವುದೇ ಬೇರೆ. ತಗಡಿನ ಬಣ್ಣ ಎದ್ದಿರುತ್ತದೆ, ಹಿಂದಿನವರು ರೇಡಿಯೊಗೆಂದು ತೂತು ಕೊರೆದಿರುತ್ತಾರೆ. ಇದನ್ನು ಸರಿಮಾಡುವುದು ಬ್ರಹ್ಮವಿದ್ಯೆಯಲ್ಲ. ಬ್ಯಾಟರಿ ಬಿಚ್ಚಿ, ಮೀಟರುಗಳ ಹಿಂದಿನ ತಿರುಪು ಸಡಿಲಿಸಿ, ಪ್ರತಿ ತಂತಿಗೂ ಚೀಟಿ ಕಟ್ಟಿ ಫಲಕ ಹೊರತೆಗೆಯಬೇಕು. ಲೂಕಾಸ್ ವೈರಿಂಗಿನ ಬಣ್ಣಗಳೇ ದಾರಿ ಹೇಳುತ್ತವೆ: ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಷನ್, ಕಪ್ಪು ಅರ್ಥ್. ಆಮೇಲೆ ತುಕ್ಕು ಉಜ್ಜಿ, ತೂತಿಗೆ ಬೆಸುಗೆ ಹಾಕಿಸಿ, ಅದೇ ಸುಕ್ಕುಬಣ್ಣ ಹೊಡೆದು ಬಿಸಿಗಾಳಿ ತೋರಿಸಿದರೆ ಕಣ್ಣೆದುರೇ ಮುದುಡಿ ಗಟ್ಟಿಯಾಗುತ್ತದೆ. ಈ ಕೆಲಸಕ್ಕೆ ತಾಳ್ಮೆ ಬೇಕು, ದೊಡ್ಡ ಗಂಟು ಬೇಡ. ಅದರ ಬದಲು ತಗಡಿನ ಮೇಲೇ ಮೆರುಗಿನ ಮರದ ಹಲಗೆ ಅಂಟಿಸುತ್ತಾರೆ. ವಿಂಡ್‌ಸ್ಕ್ರೀನಿನ ರಬ್ಬರಿನಿಂದ ಸೋರುವ ನೀರು ಹಲಗೆಯ ಹಿಂದೆ ತನ್ನ ಕೆಲಸ ಮುಂದುವರಿಸುತ್ತದೆ. ಹೊರಗೆ ಥಳಕು, ಒಳಗೆ ಹುಳುಕು.

ಊರಲ್ಲಿ ಜೀರ್ಣೋದ್ಧಾರವೆಂದು ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿದು, ದೇವರ ಹಿಂದೆ ಬಚ್ಚಲಿನ ಟೈಲ್ಸ್ ಅಂಟಿಸಿದರೆ ವಾಟ್ಸ್ಆ್ಯಪ್‌ನಲ್ಲಿ ಮೊದಲು ಬೊಬ್ಬೆ ಹೊಡೆಯುವವರು ಹೊರದೇಶದ ನಾವೇ. ಸ್ವಂತ ಗ್ಯಾರೇಜಿನಲ್ಲಿ ಮಾಡುತ್ತಿರುವುದೇನು, ಸ್ವಾಮಿ?

"ಮರ ಹಾಕಿದರೆ ಬೆಲೆ ಏರುತ್ತದಲ್ಲ" ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಖಾಸಗಿ ಕಾರು ಮಾರಿ ಬಂದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆಯಿಲ್ಲ ಎಂದು ಗೊತ್ತಾದ ದಿನದಿಂದ ಹಳೇ ಕಾರು ಇವರಿಗೆ ಫಿಕ್ಸೆಡ್ ಡಿಪಾಸಿಟ್ ಆಗಿಬಿಟ್ಟಿದೆ. ಸರಿ, ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ. ಇದ್ದದ್ದನ್ನು ಇದ್ದ ಸ್ಥಿತಿಗೆ ತರುವುದು ದುರಸ್ತಿ. ಎಂದೂ ಇಲ್ಲದ್ದನ್ನು ತಂದು ಸೇರಿಸುವುದು ದುರಸ್ತಿಯ ಖಾತೆಗೆ ಬರುವುದಿಲ್ಲ. ತಿಳಿದ ಖರೀದಿದಾರ ಆ ಮರ ಕಿತ್ತು ತಗಡು ಸರಿಮಾಡುವ ಖರ್ಚನ್ನು ನಿಮ್ಮ ಬೆಲೆಯಿಂದಲೇ ಕಳೆಯುತ್ತಾನೆ. ತಿಳಿಯದವನಿಗೆ ಮಾರುವುದಕ್ಕೆ ಬೇರೆ ಹೆಸರಿದೆ.

ಕಾನೂನು ಇದನ್ನು ತಡೆಯದು. 40 ವರ್ಷ ದಾಟಿದ ಕಾರಿಗೆ ಇಲ್ಲಿ ವಾರ್ಷಿಕ ಎಂಒಟಿ ತಪಾಸಣೆಯಿಂದ ವಿನಾಯಿತಿ ಕೊಡುವಾಗ "ಗಣನೀಯ ಬದಲಾವಣೆ" ಆಗಿದೆಯೇ ಎಂದು ನೋಡುವುದು ಚಾಸಿ, ಎಂಜಿನ್, ಆಕ್ಸಲ್‌ನಂಥವನ್ನು. ಡ್ಯಾಶ್‌ಬೋರ್ಡ್ ಯಾರಿಗೂ ಬೇಡ. ನನ್ನ ಕಾರು, ನನ್ನಿಷ್ಟ ಎನ್ನುತ್ತೀರಾ? ಹಾಕಿಸಿಕೊಳ್ಳಿ. ಆದರೆ ತಗಡು ಕತ್ತರಿಸಬೇಡಿ, ಅಂಟು ಸುರಿಯಬೇಡಿ. ಬಿಚ್ಚಿದ ಫಲಕವನ್ನು ಕಂಬಳಿಯಲ್ಲಿ ಸುತ್ತಿ ಅಟ್ಟದಲ್ಲಿಟ್ಟು, ಕಾರು ಮಾರುವ ದಿನ ಜೊತೆಗೇ ಕೊಡಿ. ಜಾಹೀರಾತಿನಲ್ಲಿ "ಮರದ ಫಲಕ ನಾವು ಹಾಕಿಸಿದ್ದು" ಎಂದೂ ಬರೆಯಿರಿ.