ಮೊದಲು ಪೂರ್ವಜ್ಞಾನ, ಆಮೇಲೆ ರೆಸ್ಯೂಮೆ

ಬೆಂಗಳೂರಿನ ಐಟಿ ಉದ್ಯೋಗಿಗಳು ಬಿಡುವು ಮಾಡಿಕೊಂಡು ಸರ್ಕಾರಿ ಪದವಿ ಕಾಲೇಜಿನ ಬಡ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವುದು ಒಳ್ಳೆಯ ಕೆಲಸವೇ. ಆದರೆ ಬಿ.ಇಡ್. ಪ್ರಶಿಕ್ಷಣಾರ್ಥಿಗಳಾದ ನಮಗೆ 20 ವಾರಗಳ ಶಾಲಾ ಇಂಟರ್ನ್‌ಶಿಪ್ ಕಡ್ಡಾಯ. ಪಾಠಯೋಜನೆ ಶುರುವಾಗುವುದೇ ಪೂರ್ವಜ್ಞಾನ ಪರೀಕ್ಷೆಯಿಂದ. ಅವರಿಗೆ ಇದನ್ನು ಹೇಳಿಕೊಟ್ಟವರು ಯಾರು?

ನನ್ನ ತಂಗಿಯ ಮಾರ್ಗದರ್ಶಕರು ಮೊದಲ ದಿನವೇ ಇಂಗ್ಲಿಷಿನಲ್ಲಿ ರೆಸ್ಯೂಮೆ, ಲಿಂಕ್ಡ್‌ಇನ್ ಎಂದರು. ಅವಳಿಗೆ ಜಾವಾ ಚೆನ್ನಾಗಿ ಬರುತ್ತದೆ; ಅದನ್ನು ಕೇಳಲೇ ಇಲ್ಲ. ಕರೆ ಇರುತ್ತಿದ್ದುದು ಶನಿವಾರ ಸಂಜೆ, ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿರುವ ಹೊತ್ತು. ಎರಡು ಸಲ ತಪ್ಪಿದ್ದಕ್ಕೆ 'ಆಸಕ್ತಿಯಿಲ್ಲ' ಎಂದು ಹೆಸರು ತೆಗೆದರು. (ಆಸಕ್ತಿಯಿಲ್ಲದವಳು ಅಂಗಡಿಯ ಗೋದಾಮಿನಲ್ಲಿ ನಿಂತು ಕರೆಗೆ ಸೇರುತ್ತಿದ್ದಳೇ?)

ಮೊದಲ ಭೇಟಿ ವಿದ್ಯಾರ್ಥಿ ಹೇಳಿದ ಹೊತ್ತಿಗೆ, ಅವರಿಗೆ ಬರುವ ಭಾಷೆಯಲ್ಲಿ, ಬರೀ ಕೇಳಿಸಿಕೊಳ್ಳುವುದಕ್ಕೇ ಇರಲಿ. ಈ ಮಾರ್ಗದರ್ಶಕರನ್ನು ನಮ್ಮ ಕಾಲೇಜಿಗೇ ಕರೆಸಿ ಇದನ್ನು ಅಭ್ಯಾಸ ಮಾಡಿಸಬಹುದು. ಒಂದು ಭಾನುವಾರ ಸಾಕು.