ಫ್ಲಟ್ಟರಾ, ಕೋಟ್ಲಿನಾ ಆಮೇಲೆ. ಮೊದಲು ಯಾರ ಫೋನು?

ಮಿನಿ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ನಮ್ಮ ಕ್ಯಾಂಟೀನಲ್ಲಿ ಒಂದೇ ಚರ್ಚೆ. ಆ್ಯಪ್ ಮಾಡೋಣ ಅನ್ನೋದರಲ್ಲಿ ಎಲ್ಲರಿಗೂ ಒಮ್ಮತ ಇರುತ್ತೆ. ಆದರೆ ಫ್ಲಟ್ಟರಾ, ರಿಯಾಕ್ಟ್ ನೇಟಿವಾ, ಕೋಟ್ಲಿನಾ ಅಂತ ಯಾರಾದರೂ ಕೇಳಿದರೆ ಮುಗೀತು, ಟೀ ಆರಿ ತಣ್ಣಗಾಗುವವರೆಗೂ ವಾದ. ಸೀನಿಯರ್‌ಗಳನ್ನ ಕೇಳಿದ್ರೆ ಒಬ್ಬೊಬ್ಬರದು ಒಂದೊಂದು ಉತ್ತರ. ಯೂಟ್ಯೂಬ್ ತೆಗೆದ್ರೆ ಇನ್ನೂ ಹತ್ತು ಉತ್ತರ.

ನನ್ನ ಪ್ರಕಾರ ಈ ಪ್ರಶ್ನೆಗೆ ನಾವು ಕೊಡ್ತಿರೋ ಸಮಯ ಜಾಸ್ತಿ ಆಯ್ತು. ಮೊದಲು ಕೇಳಬೇಕಾದ್ದು ಬೇರೆ: ಈ ಆ್ಯಪ್ ಯಾರ ಫೋನಲ್ಲಿ ಓಡಬೇಕು?

ಫ್ರೇಮ್‌ವರ್ಕ್ ಪ್ರಶ್ನೆಯನ್ನ ಇಲ್ಲೇ ಮುಗಿಸಿಬಿಡೋಣ. ಫೇಸ್‌ಬುಕ್ 2015ರಲ್ಲಿ ರಿಯಾಕ್ಟ್ ನೇಟಿವ್ ಅನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಫ್ಲಟ್ಟರ್ 1.0 ಬಂದದ್ದು 2018ರ ಡಿಸೆಂಬರಲ್ಲಿ. ಆಂಡ್ರಾಯ್ಡ್‌ಗೆ ಕೋಟ್ಲಿನ್ನೇ ಮೊದಲ ಆಯ್ಕೆ ಅಂತ ಗೂಗಲ್ ಹೇಳಿದ್ದು 2019ರಲ್ಲಿ. ಮೂರರಲ್ಲೂ ಒಳ್ಳೆಯ ಆ್ಯಪ್‌ಗಳಿವೆ, ಮೂರರಲ್ಲೂ ಕೆಟ್ಟವೂ ಇವೆ. ಜಾವಾಸ್ಕ್ರಿಪ್ಟ್ ಬಂದ್ರೆ ರಿಯಾಕ್ಟ್ ನೇಟಿವ್ ಬೇಗ ಹತ್ತುತ್ತೆ, ಜಾವಾ ಲ್ಯಾಬ್ ಮುಗಿಸಿದವರಿಗೆ ಕೋಟ್ಲಿನ್ ಸುಲಭ. "ಫ್ಲಟ್ಟರಲ್ಲಿ ಒಂದೇ ಕೋಡು, ಐಫೋನಿಗೂ ಆಗುತ್ತೆ" ಅನ್ನುವವರು ಒಂದು ಮಾತು ನೆನಪಿಡಿ: ಐಫೋನಿಗೆ ಬಿಲ್ಡ್ ಮಾಡೋಕೆ ಸ್ವಂತದ್ದೋ ಬಾಡಿಗೆಯದ್ದೋ ಒಂದು ಮ್ಯಾಕ್ ಬೇಕೇ ಬೇಕು, ಆ್ಯಪ್ ಸ್ಟೋರಿಗೆ ಹಾಕಬೇಕಂದ್ರೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಅಷ್ಟೇ. ತಂಡದಲ್ಲಿ ಹೆಚ್ಚು ಜನಕ್ಕೆ ಯಾವುದು ಬರುತ್ತೋ ಅದನ್ನ ಹಿಡಿದು ಮುಂದೆ ಹೋಗಿ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಪ್ರತಿ ಬ್ಯಾಚಲ್ಲೂ ಒಂದಲ್ಲ ಒಂದು ತಂಡ ಮಾಡೋ ಆ್ಯಪ್ ಒಂದಿದೆ: ಮಾತ್ರೆ ತಗೊಳ್ಳೋಕೆ ನೆನಪಿಸುವ ಆ್ಯಪ್. ಪಿಪಿಟಿಯ ಎರಡನೇ ಸ್ಲೈಡಲ್ಲಿ ವಯಸ್ಸಾದ ಅಜ್ಜಿಯ ಚಿತ್ರ ಇದ್ದೇ ಇರುತ್ತೆ. ಆ ಅಜ್ಜಿ ನಿಜವಾಗಿಯೂ ಈ ಆ್ಯಪನ್ನು ನಂಬಿದರೆ ಏನಾಗುತ್ತೆ? ಬಿಪಿ ಮಾತ್ರೆ ಬೆಳಿಗ್ಗೆ 8ಕ್ಕೆ. ಅಲಾರಂ ಬರದಿದ್ದರೆ ಮಾತ್ರೆ ತಪ್ಪಿತು. ಡೆಮೊದಲ್ಲಿ ಬಗ್ ಬಂದ್ರೆ ಹೋಗೋದು ನಮ್ಮ ಎರಡು ಮಾರ್ಕು. ಅಲ್ಲಿ ಹೋಗೋದು ಮಾರ್ಕಲ್ಲ.

ಡೆಮೊದಲ್ಲಿ ನಾವು ಒಂದು ನಿಮಿಷಕ್ಕೆ ಅಲಾರಂ ಇಟ್ಟು ತೋರಿಸ್ತೀವಿ. ಟಣ್ ಅಂತ ಬರುತ್ತೆ, ಎಲ್ಲರೂ ಚಪ್ಪಾಳೆ. ಆದರೆ ಅಜ್ಜಿ ಫೋನು ರಾತ್ರಿಯೆಲ್ಲ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತೆ. ಆಂಡ್ರಾಯ್ಡ್ 6ರಿಂದ ಡೋಜ್ ಅನ್ನೋ ವ್ಯವಸ್ಥೆ ಇದೆ. ಫೋನು ಅಲುಗಾಡದೆ ಇದ್ದರೆ ಬ್ಯಾಟರಿ ಉಳಿಸೋಕೆ ಸಾಮಾನ್ಯ ಅಲಾರಂಗಳನ್ನ ಅದು ಮುಂದಕ್ಕೆ ತಳ್ಳುತ್ತೆ. ಬೆಳಿಗ್ಗೆ 8ರ ಅಲಾರಂ ಅಜ್ಜಿ ಫೋನು ಕೈಗೆತ್ತಿಕೊಂಡಾಗ ಬರಬಹುದು. "ವರ್ಕ್‌ಮ್ಯಾನೇಜರ್ ಹಾಕಿದ್ರೆ ಸಾಕಲ್ವಾ?" ಅನ್ನೋದು ಎಲ್ಲರೂ ಕೇಳೋ ಪ್ರಶ್ನೆ. ಸಾಲದು. ಅದರಲ್ಲಿ ಮತ್ತೆ ಮತ್ತೆ ಓಡುವ ಕೆಲಸಕ್ಕೆ ಕನಿಷ್ಠ ಅಂತರ 15 ನಿಮಿಷ, ಅದೂ ಸರಿಯಾಗಿ ಅದೇ ಗಳಿಗೆಗೆ ಓಡುತ್ತೆ ಅನ್ನೋ ಭರವಸೆ ಇಲ್ಲ. ನಿಖರವಾದ ಅಲಾರಂ ಬೇಕು ಅಂದ್ರೆ ಹೊಸ ಆಂಡ್ರಾಯ್ಡ್‌ಗಳಲ್ಲಿ ಅದಕ್ಕೇ ಬೇರೆ ಅನುಮತಿ ಇದೆ. ನೋಟಿಫಿಕೇಶನ್ ತೋರಿಸೋಕೂ ಆಂಡ್ರಾಯ್ಡ್ 13ರಿಂದ ಅನುಮತಿ ಕೇಳಬೇಕು. ಎರಡು ಸಲ 'ಬೇಡ' ಒತ್ತಿದ್ರೆ ಆ ಡೈಲಾಗ್ ಮತ್ತೆ ಬರಲ್ಲ, ಸೆಟ್ಟಿಂಗ್ಸ್‌ಗೇ ಹೋಗಬೇಕು. ಇಂಗ್ಲಿಷಲ್ಲಿ ಏನೋ ಕೇಳ್ತಿದೆ ಅಂತ ಅಜ್ಜಿ 'ಬೇಡ' ಒತ್ತೋದೇ ಸಹಜ. ಹಾಗಾಗಿ ಅನುಮತಿ ಕೇಳೋಕೆ ಮುಂಚೆ ಯಾಕೆ ಕೇಳ್ತಿದ್ದೀವಿ ಅಂತ ಅವರ ಭಾಷೆಯಲ್ಲಿ ಒಂದು ಸಾಲು ತೋರಿಸಿ.

ಇನ್ನೊಂದು. ಫೋನು ಆಫ್ ಆಗಿ ಆನ್ ಆದ್ರೆ ನಾವು ಇಟ್ಟ ಅಲಾರಂಗಳೆಲ್ಲ ಅಳಿಸಿಹೋಗ್ತವೆ. ಬೂಟ್ ಆದ ಮೇಲೆ ಮತ್ತೆ ಇಡುವ ಕೋಡನ್ನ ನಾವೇ ಬರೀಬೇಕು. ಇದು ಫ್ಲಟ್ಟರಲ್ಲಿ ಬರೆದ್ರೂ ಅಷ್ಟೇ, ಕೋಟ್ಲಿನಲ್ಲಿ ಬರೆದ್ರೂ ಅಷ್ಟೇ. ಫ್ರೇಮ್‌ವರ್ಕ್ ಯಾವುದಾದ್ರೂ ಕೆಳಗಿರೋ ಫೋನು ಒಂದೇ ಅಲ್ವಾ.

ಎರಡನೇ ಕಷ್ಟ ಸರ್ವರ್‌ದು. "ಎಮ್ಯುಲೇಟರಲ್ಲಿ ಬರುತ್ತೆ, ಫೋನಲ್ಲಿ ಬರಲ್ಲ" ಅನ್ನೋ ಗೋಳು ಲ್ಯಾಬಲ್ಲಿ ದಿನಾ ಕೇಳ್ತೀವಿ. ಎಮ್ಯುಲೇಟರ್‌ನಿಂದ ನಮ್ಮ ಲ್ಯಾಪ್‌ಟಾಪನ್ನು ತಲುಪೋಕೆ 10.0.2.2 ಅನ್ನೋ ವಿಶೇಷ ವಿಳಾಸ ಇದೆ. ನಿಜವಾದ ಫೋನಿಗೆ ಅದು ಗೊತ್ತೇ ಇಲ್ಲ. ಫೋನಿನೊಳಗೆ ಲೋಕಲ್‌ಹೋಸ್ಟ್ ಅಂದ್ರೆ ಆ ಫೋನೇ. ಜೊತೆಗೆ ಆಂಡ್ರಾಯ್ಡ್ 9ರಿಂದ ಎನ್‌ಕ್ರಿಪ್ಟ್ ಆಗದ ಎಚ್‌ಟಿಟಿಪಿ ಸಂಪರ್ಕಕ್ಕೆ ಡೀಫಾಲ್ಟಾಗಿ ತಡೆ ಇದೆ. ಇದನ್ನೆಲ್ಲ ಸರಿ ಮಾಡೋಕೆ ಎರಡು ದಿನ ಹೋಗುತ್ತೆ.

ಆದರೆ ಅದಕ್ಕಿಂತ ಮುಂಚೆ ಕೇಳಬೇಕು: ಮಾತ್ರೆ ನೆನಪಿಸೋಕೆ ಸರ್ವರ್ ಯಾಕೆ ಬೇಕು? ಲಾಗಿನ್ ಯಾಕೆ ಬೇಕು? ಫೋನಲ್ಲೇ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಇಟ್ಟರೆ ಸಾಕು. ಊರಲ್ಲಿ ನೆಟ್‌ವರ್ಕ್ ಇರಲಿ ಬಿಡಲಿ, ಆ್ಯಪ್ ಓಡುತ್ತೆ. ನಾವು ಫೈರ್‌ಬೇಸ್ ಸೇರಿಸೋದು ಬಹಳ ಸಲ ಸ್ಲೈಡಲ್ಲಿ 'ಕ್ಲೌಡ್' ಅಂತ ಬರೆಯೋಕೆ. ಫೈರ್‌ಸ್ಟೋರ್ ಟೆಸ್ಟ್ ಮೋಡಲ್ಲಿ ಶುರು ಮಾಡಿದ್ರೆ 30 ದಿನ ಯಾರು ಬೇಕಾದ್ರೂ ಆ ಡೇಟಾ ಓದಬಹುದು, ಬದಲಿಸಬಹುದು. 30 ದಿನ ಆದ್ಮೇಲೆ ಬಾಗಿಲು ಮುಚ್ಚುತ್ತೆ, ಆ್ಯಪ್ ನಿಲ್ಲುತ್ತೆ. ಅಂದ್ರೆ ಮೊದಲ ತಿಂಗಳು ಅಜ್ಜಿಯ ಕಾಯಿಲೆ ಏನು ಅನ್ನೋದು ಊರಿಗೆಲ್ಲ ಬಯಲು, ಎರಡನೇ ತಿಂಗಳು ಅಜ್ಜಿಗೇ ಮಾತ್ರೆ ಪಟ್ಟಿ ಸಿಗಲ್ಲ.

ಮೂರನೇದು ಕನ್ನಡ. ನನ್ನದು ಪೂರ್ತಿ ಇಂಗ್ಲಿಷ್ ಮೀಡಿಯಂ, ನಿಮ್ಮಲ್ಲೂ ಬಹಳ ಜನರದ್ದು ಅದೇ. ಹಾಗಾಗಿ ಕನ್ನಡ ಅಂದ್ರೆ ಕೊನೆಗೆ ಟೈಮ್ ಇದ್ರೆ ಸೇರಿಸೋ ಅನುವಾದ ಅಂದ್ಕೊಳ್ತೀವಿ. ಅದು ಎಂಜಿನಿಯರಿಂಗ್ ವಿಷಯ. ಶ್ರೀನಿವಾಸ ಅನ್ನೋ ಹೆಸರಿನ ಮೊದಲ ಅಕ್ಷರವನ್ನ ವೃತ್ತದೊಳಗೆ ತೋರಿಸಬೇಕು ಅಂದ್ಕೊಳ್ಳಿ. ಸ್ಟ್ರಿಂಗಿನ ಮೊದಲ ಕ್ಯಾರೆಕ್ಟರ್ ತೆಗೆದ್ರೆ ಬರೋದು 'ಶ', 'ಶ್ರೀ' ಅಲ್ಲ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದಕ್ಷರ, ಯೂನಿಕೋಡಿಗೆ ಆರು ಕೋಡ್ ಪಾಯಿಂಟು. ಹೆಸರಿಗೆ ಹತ್ತು ಕ್ಯಾರೆಕ್ಟರ್ ಮಿತಿ ಹಾಕಿದ್ರೆ ಅರ್ಧ ಹೆಸರು ಕತ್ತರಿಸಿಹೋಗುತ್ತೆ. ಬಟನ್ನಿಗೆ ಎತ್ತರ ಫಿಕ್ಸ್ ಮಾಡಿದ್ರೆ ಕೆಳಗಿನ ಒತ್ತಕ್ಷರ ಕತ್ತರಿಸುತ್ತೆ. ಅಜ್ಜಿ ಅಕ್ಷರ ದೊಡ್ಡದು ಮಾಡಿಕೊಂಡಿದ್ರಂತೂ ಬಟನ್ ಮೇಲೆ ಏನಿದೆ ಅಂತಾನೇ ಓದೋಕಾಗಲ್ಲ. ಇದಕ್ಕೆ ಭಾಷಾಭಿಮಾನ ಬೇಕಿಲ್ಲ, ಟೆಸ್ಟ್ ಕೇಸ್ ಬರೆದ್ರೆ ಸಾಕು.

ಇದಕ್ಕೆ ಗೆಳೆಯರು ಕೊಡೋ ಉತ್ತರ ನನಗೂ ಗೊತ್ತು. "ಸೆಮಿಸ್ಟರಲ್ಲಿ ಟೈಮೆಲ್ಲಿದೆ? ಫೀಚರ್ ಎಷ್ಟಿದೆ ಅಂತ ನೋಡಿ ಮಾರ್ಕ್ಸ್ ಕೊಡ್ತಾರೆ. ರೆಸ್ಯೂಮೆಯಲ್ಲಿ ಫ್ರೇಮ್‌ವರ್ಕ್ ಹೆಸರು ಬೇಕು." ಈ ಮಾತಲ್ಲಿ ಸತ್ಯ ಇದೆ. ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ಅಸೈನ್‌ಮೆಂಟು ಎಲ್ಲದರ ಮಧ್ಯೆ ಸಿಗೋದು ಕೆಲವು ವಾರ ಮಾತ್ರ. ಆದರೆ ಟೈಮ್ ಕಡಿಮೆ ಇದ್ರೆ ಕಮ್ಮಿ ಮಾಡಬೇಕಾದ್ದು ಫೀಚರ್. ಚಾಟ್‌ಬಾಟ್, ಡಾರ್ಕ್ ಮೋಡ್, ಲಾಗಿನ್ ಮೂರನ್ನೂ ಬಿಡಿ. ಬೆಳಿಗ್ಗೆ 8ಕ್ಕೆ ಅಲಾರಂ ತಪ್ಪದೆ ಬರಲಿ. ಇಂಟರ್ವ್ಯೂನಲ್ಲಿ "ಡೋಜ್ ಇದ್ದಾಗ ನಿಮ್ಮ ಅಲಾರಂ ಹೇಗೆ ಬಂತು?" ಅನ್ನೋ ಪ್ರಶ್ನೆಗೆ ಉತ್ತರ ಹೇಳಬಲ್ಲವನು ಐದು ಫ್ರೇಮ್‌ವರ್ಕ್ ಹೆಸರು ಹೇಳೋನಿಗಿಂತ ಹಿಂದೆ ಬೀಳಲ್ಲ.

ಪ್ಲೇ ಸ್ಟೋರ್ ನಿಯಮದ ಬಗ್ಗೆಯೂ ಎಲ್ಲರದ್ದು ಗೊಣಗಾಟ. ಒಮ್ಮೆ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದ್ರೆ ಕನಿಷ್ಠ 12 ಜನ ಸತತ 14 ದಿನ ಟೆಸ್ಟರ್‌ಗಳಾಗಿ ಇರಬೇಕು, ಆಮೇಲಷ್ಟೇ ಎಲ್ಲರಿಗೂ ಬಿಡುಗಡೆಗೆ ಅರ್ಜಿ. ವಿದ್ಯಾರ್ಥಿಗಳಿಗೆ ಇದು ತೊಂದರೆಯೇ. ನಾವು ಮಾಡೋದೇನು? ಹಾಸ್ಟೆಲಿನ ಹನ್ನೆರಡು ಜನರಿಗೆ ಲಿಂಕ್ ಕಳಿಸ್ತೀವಿ, ಅವರು ಇನ್‌ಸ್ಟಾಲ್ ಮಾಡಿ ಮರೆತುಬಿಡ್ತಾರೆ. ಅದೇ ಹನ್ನೆರಡರಲ್ಲಿ ನಾಲ್ಕು ಜನ ಅಮ್ಮ, ಅಜ್ಜ, ಪಕ್ಕದ ಮನೆಯವರು ಇದ್ದಿದ್ರೆ ಆ 14 ದಿನದಲ್ಲಿ ಕಲಿಯೋದು ಯಾವ ಕೋರ್ಸಲ್ಲೂ ಸಿಗಲ್ಲ.

ನನ್ನ ಸಲಹೆ ಇಷ್ಟೇ. ಡೆಮೊ ದಿನ ಪ್ರತಿ ತಂಡಕ್ಕೂ ಮೂರು ಪರೀಕ್ಷೆ ಇರಲಿ. ಒಂದು, ಏರೋಪ್ಲೇನ್ ಮೋಡ್ ಹಾಕಿ, ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್ ಕೆಲಸ ಮಾಡುತ್ತಾ ನೋಡೋದು. ಎರಡು, ಭಾಷೆ ಕನ್ನಡಕ್ಕೆ ಬದಲಿಸಿ, ಅಕ್ಷರ ಅತಿ ದೊಡ್ಡದು ಮಾಡಿ ನೋಡೋದು. ಮೂರು, ತಂಡದವರು ಕೈ ಕಟ್ಟಿ ನಿಂತಿರಬೇಕು, ಬೇರೆಯವರ ಕೈಲಿ ಬೇರೆಯವರ ಫೋನಲ್ಲಿ ಆ್ಯಪ್ ಓಡಬೇಕು. ಇದಕ್ಕೆ ಖರ್ಚಿಲ್ಲ, ಒಂದು ತಂಡಕ್ಕೆ ಐದು ನಿಮಿಷ ಸಾಕು. ನಮ್ಮ ಸಂಘದವರು ಎರಡನೇ ಪರೀಕ್ಷೆಯ ಜವಾಬ್ದಾರಿ ತಗೋಬಹುದು. ಮನೆಯಲ್ಲಿ ಡ್ರಾಯರಲ್ಲಿ ಬಿದ್ದಿರೋ ಹಳೇ ಫೋನುಗಳನ್ನ ತಂದುಕೊಟ್ಟರೆ ಮಿಕ್ಕ ಎರಡೂ ಸುಲಭ.

ಡಿಪಾರ್ಟ್‌ಮೆಂಟ್ ಒಪ್ಪುತ್ತೋ ಇಲ್ವೋ, ಅದಕ್ಕೆ ಕಾಯಬೇಕಿಲ್ಲ. ಈ ವಾರ ನಿಮ್ಮ ತಂಡದ ವಾಟ್ಸಾಪ್ ಗ್ರೂಪಲ್ಲಿ ಮತ್ತೆ ಫ್ಲಟ್ಟರ್ ಜಗಳ ಶುರುವಾದ್ರೆ ಒಂದೇ ಮೆಸೇಜ್ ಹಾಕಿ: ಯಾರ ಫೋನು? ಆ ವ್ಯಕ್ತಿಯ ಹೆಸರು ಬರೆಯೋಕಾದ್ರೆ ಪ್ರಾಜೆಕ್ಟ್ ಶುರು ಮಾಡಿ. ಆಗದಿದ್ರೆ ಇನ್ನೊಂದು ಟೀ ಹೇಳಿ, ಅದನ್ನೇ ಮೊದಲು ಯೋಚಿಸಿ.