ಮರುಭೂಮಿಯ ಹೋಟೆಲ್ಲೂ ನಮ್ಮ ಬಚ್ಚಲ ನೀರೂ

ಆಫೀಸ್ ಕೆಲಸದ ಮೇಲೆ ಲಾಸ್ ವೇಗಸ್‌ಗೆ ಹೋಗಿ ಬಂದೆ ಅಂದರೆ ಸಾಕು, ಕೇಳಿದವರೆಲ್ಲ ಕಣ್ಣು ಮಿಟುಕಿಸಿ "ಎಷ್ಟು ಕಳ್ಕೊಂಡೆ ಮಾರಾಯಾ?" ಅಂತಾರೆ. ಜೂಜಾಡೋಕೆ ಪುರುಸೊತ್ತೂ ಇರಲಿಲ್ಲ, ಧೈರ್ಯವೂ ಇರಲಿಲ್ಲ ಅಂದರೆ ಯಾರೂ ನಂಬೋದಿಲ್ಲ, ಇರಲಿ ಬಿಡಿ :-) ಅದಾದ ಮೇಲೆ ಬರುವ ಮಾತು ಇದು - "ಮರುಭೂಮಿ ನಡುವೆ ಕಾರಂಜಿ, ಈಜುಕೊಳ, ಬಾತ್‌ಟಬ್ಬು... ಅಷ್ಟೊಂದು ನೀರು ಪೋಲು ಮಾಡ್ತಾರಲ್ಲ, ಆ ಜನಕ್ಕೆ ಸ್ವಲ್ಪನಾದ್ರೂ ಪಾಪಪ್ರಜ್ಞೆ ಬೇಡ್ವಾ?" ಈ ಬರಹ ಆ ಮಾತಿಗೆ ಉತ್ತರ. ಆ ಪ್ರಶ್ನೆ ಕೇಳೋ ಹಕ್ಕು ಬೆಂಗಳೂರಿನಲ್ಲಿ ಕೂತ ನಮಗೆ ಅಷ್ಟಾಗಿ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಹೋಟೆಲ್ಲಿನ ವಿಷಯ. ನಾನು ಹೋಗಿದ್ದು 2025ರ ಆಗಸ್ಟ್‌ನಲ್ಲಿ, ಕ್ಲೈಂಟ್ ಜೊತೆ ನಾಲ್ಕು ದಿನದ ಮೀಟಿಂಗ್‌ಗೆ. ಖರ್ಚು ಕಂಪನಿಯದು, ಆದ್ದರಿಂದ ಹೋಟೆಲ್ಲೂ ದೊಡ್ಡದು. ಹೊರಗಡೆ ಮಧ್ಯಾಹ್ನ ಕಾಲಿಟ್ಟರೆ ದೋಸೆ ಹಂಚಿನ ಮೇಲೆ ಮುಖ ಹಿಡಿದ ಹಾಗೆ. (2024ರ ಜುಲೈ 7ರಂದು ಅಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 48.9 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಆ ಊರಿನ ದಾಖಲೆಯೇ ಮುರಿದಿತ್ತು.) ಒಳಗಡೆ ಮೀಟಿಂಗ್ ರೂಮಿನಲ್ಲಿ ಸ್ವೆಟರ್ ಹಾಕಿಕೊಳ್ಳಬೇಕು. ಬಚ್ಚಲುಮನೆ ಎಷ್ಟು ದೊಡ್ಡದು ಅಂದರೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾವು ಮೂರು ಜನ ಹಂಚಿಕೊಂಡಿದ್ದ ಪೀಜಿ ರೂಮು ಅದರೊಳಗೆ ಆರಾಮಾಗಿ ಕೂರುತ್ತೆ. ಸಿಂಕ್ ಪಕ್ಕ ಒಂದು ಪುಟ್ಟ ಕಾರ್ಡು: ಟವೆಲನ್ನು ಮತ್ತೆ ಬಳಸುವುದಾದರೆ ನೇತುಹಾಕಿ, ನೀರು ಉಳಿಸಿ, ಭೂಮಿ ಉಳಿಸಿ.

ನೀವೂ ಈ ಕಾರ್ಡು ನೋಡಿರ್ತೀರ, ಈಗ ಎಲ್ಲಾ ಹೋಟೆಲ್‌ನಲ್ಲೂ ಇರುತ್ತೆ. ಆದರೆ ಈ ಊರಿನ ಮಟ್ಟಿಗೆ ಆ ಕಾರ್ಡು ಹೇಳೋದು ಪೂರ್ತಿ ನಿಜ ಅಲ್ಲ. ಬಚ್ಚಲಲ್ಲಿ, ಬಟ್ಟೆ ಒಗೆಯೋ ಮೆಷಿನ್ನಿನಲ್ಲಿ ಹರಿದು ಹೋಗೋ ನೀರು ಲಾಸ್ ವೇಗಸ್‌ನಲ್ಲಿ ಪೋಲಾಗೋದೇ ಇಲ್ಲ! ಟವೆಲ್ ಒಗೆಯದಿದ್ದರೆ ಕರೆಂಟು, ಸೋಪು, ಹೋಟೆಲ್‌ನವರ ದುಡ್ಡು ಉಳಿಯುತ್ತೆ, ಸರಿ. ನದಿಯ ನೀರು ಉಳಿಯೋದು ಮಾತ್ರ ಅತ್ಯಲ್ಪ.

ಅದು ಹೇಗೆ? ಆ ಕಣಿವೆಗೆ ಸುಮಾರು ನೂರಕ್ಕೆ ತೊಂಬತ್ತು ಭಾಗ ನೀರು ಬರೋದು ಕೊಲರಾಡೋ ನದಿಯಿಂದ, ಹೂವರ್ ಅಣೆಕಟ್ಟಿನ ಹಿಂದಿರೋ ಲೇಕ್ ಮೀಡ್ ಜಲಾಶಯದಿಂದ. ನಮಗೆ ಕಾವೇರಿ ಜಗಳ ಹೇಗೋ ಅವರಿಗೆ ಕೊಲರಾಡೋ ಜಗಳ ಹಾಗೆ. 1928ರ ಕಾಯ್ದೆಯ ಲೆಕ್ಕದಲ್ಲಿ ಕೆಳದಂಡೆಯ ಮೂರು ರಾಜ್ಯಗಳ ಪೈಕಿ ಕ್ಯಾಲಿಫೋರ್ನಿಯಾಗೆ 44 ಲಕ್ಷ ಎಕರೆ-ಅಡಿ, ಅರಿಜೋನಾಗೆ 28 ಲಕ್ಷ, ನೆವಾಡಾಗೆ ಬರೀ 3 ಲಕ್ಷ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸುಮಾರು 13 ಟಿಎಂಸಿ. ಆ ಕಾಲಕ್ಕೆ ಲಾಸ್ ವೇಗಸ್ ಒಂದು ಸಣ್ಣ ರೈಲ್ವೆ ಊರು, ಯಾರಿಗೆ ಬೇಕಿತ್ತು ನೀರು? ಈಗ ಅಲ್ಲಿ 20 ಲಕ್ಷಕ್ಕೂ ಹೆಚ್ಚು ಜನ, ಜೊತೆಗೆ ಪ್ರತಿವರ್ಷ ಕೋಟಿಗಟ್ಟಲೆ ಪ್ರವಾಸಿಗಳು. ಹದಿಮೂರು ಟಿಎಂಸಿ ಮಾತ್ರ ಹದಿಮೂರೇ.

ಅದಕ್ಕೆ ಅವರು ಕಂಡುಕೊಂಡ ದಾರಿ ವಾಪಸಾತಿಯ ಲೆಕ್ಕ. ಬಚ್ಚಲು, ಕಕ್ಕಸು, ಅಡುಗೆಮನೆಯ ನೀರೆಲ್ಲ ಒಳಚರಂಡಿಯಲ್ಲಿ ಶುದ್ಧೀಕರಣ ಘಟಕಕ್ಕೆ ಹೋಗುತ್ತೆ. ಅಲ್ಲಿಂದ ಲಾಸ್ ವೇಗಸ್ ವಾಶ್ ಅನ್ನೋ ಹಳ್ಳ ಹಿಡಿದು ಮತ್ತೆ ಲೇಕ್ ಮೀಡ್ ಸೇರುತ್ತೆ. ಜಲಾಶಯಕ್ಕೆ ಒಂದು ಕೊಡ ವಾಪಸ್ ಹಾಕಿದರೆ ತಮ್ಮ ಪಾಲಿನ ಮೇಲೆ ಇನ್ನೊಂದು ಕೊಡ ಎತ್ತಬಹುದು. ಹಾಗಾಗಿ ನಾನು ಟಬ್ ತುಂಬಿಸಿ ಸ್ನಾನ ಮಾಡಿದರೂ ಆ ನೀರು ಸುತ್ತಿ ಬಳಸಿ ಜಲಾಶಯಕ್ಕೇ ಬರುತ್ತೆ. ನಿಜವಾಗಿ ಕಳೆದುಹೋಗೋದು ಆವಿಯಾಗೋ ನೀರು ಮಾತ್ರ. ಹುಲ್ಲಿಗೆ ಬಿಟ್ಟಿದ್ದು, ಈಜುಕೊಳದ ಮೇಲಿಂದ ಹಾರಿಹೋಗಿದ್ದು, ಎಸಿಗೆ ಅಂತ ತಾರಸಿ ಮೇಲೆ ಕೂರಿಸಿರೋ ಕೂಲಿಂಗ್ ಟವರ್ ಗಾಳಿಗೆ ಉಗುಳಿದ್ದು.

ಇದು ಗೊತ್ತಾದ ಮೇಲೆ ಅವರು ಏನು ಮಾಡಿದರು ನೋಡಿ. ಜನಕ್ಕೆ "ಸ್ನಾನ ಕಡಿಮೆ ಮಾಡಿ" ಅಂತ ಉಪದೇಶ ಮಾಡುತ್ತಾ ಕೂರಲಿಲ್ಲ, ಹುಲ್ಲಿನ ಬೆನ್ನು ಹತ್ತಿದರು. ಹುಲ್ಲುಹಾಸು ಕಿತ್ತು ಮರುಭೂಮಿಯ ಗಿಡ ಹಾಕಿದರೆ ಚದರಡಿಗೆ ಇಷ್ಟು ಡಾಲರ್ ಅಂತ ಜಲ ಪ್ರಾಧಿಕಾರವೇ ದುಡ್ಡು ಕೊಡುತ್ತೆ. ಒಂದು ಚದರಡಿ ಹುಲ್ಲು ತೆಗೆದರೆ ವರ್ಷಕ್ಕೆ 55 ಗ್ಯಾಲನ್, ಅಂದರೆ 200 ಲೀಟರಿಗೂ ಹೆಚ್ಚು ಉಳಿಯುತ್ತೆ ಅನ್ನೋದು ಅವರ ಲೆಕ್ಕ. 2021ರಲ್ಲಿ ನೆವಾಡಾ ಇನ್ನೂ ಮುಂದೆ ಹೋಗಿ, ಆಫೀಸು, ಅಂಗಡಿ, ರಸ್ತೆ ಪಕ್ಕದಲ್ಲಿ ಬರೀ ಚಂದಕ್ಕೆ ಅಂತ ಬೆಳೆಸೋ ಹುಲ್ಲಿಗೆ 2027ರ ಜನವರಿ 1ರಿಂದ ಕೊಲರಾಡೋ ನೀರು ಹಾಯಿಸುವಂತಿಲ್ಲ ಅಂತ ಕಾಯ್ದೆ ಮಾಡಿತು (ಒಂಟಿ ಮನೆಗಳ ಅಂಗಳ ಇದರಲ್ಲಿ ಸೇರಿಲ್ಲ). 2023ರ ಸೆಪ್ಟೆಂಬರ್‌ನಿಂದ ಹೊಸ ವಾಣಿಜ್ಯ ಕಟ್ಟಡಗಳಿಗೆ ನೀರು ಆವಿಮಾಡಿ ತಂಪಾಗಿಸೋ ವ್ಯವಸ್ಥೆಗೂ ಅನುಮತಿ ಇಲ್ಲ. ಫಲ? 2002ಕ್ಕೆ ಹೋಲಿಸಿದರೆ 2023ರಲ್ಲಿ ಜನಸಂಖ್ಯೆ ಏಳು ಲಕ್ಷಕ್ಕೂ ಮೇಲೆ ಏರಿತ್ತು, ನದಿಯಿಂದ ಬಳಸಿದ ಒಟ್ಟು ನೀರು ಇಳಿದಿತ್ತು. ಇದರಲ್ಲಿ ಒಂದು ತಮಾಷೆ ಇದೆ. ಸ್ಪ್ಯಾನಿಷ್‌ನಲ್ಲಿ 'ಲಾಸ್ ವೇಗಸ್' ಅಂದರೆ ಹುಲ್ಲುಗಾವಲು ಅಂತ ಅರ್ಥ! ಆ ಹುಲ್ಲುಗಾವಲಿಗೆ ಆಧಾರವಾಗಿದ್ದ ಚಿಲುಮೆಗಳು ಪಂಪು ಹಚ್ಚಿ ಎಳೆದೂ ಎಳೆದೂ 1962ರಲ್ಲಿ ಬತ್ತಿಹೋದವು.

ಇನ್ನು ಕಾರಂಜಿ. ಎಲ್ಲರೂ ಫೋಟೋ ಹಾಕೋ ಬೆಲಾಜಿಯೋ ಹೋಟೆಲ್ ಮುಂದಿನ ಕಾರಂಜಿ, 1,200ಕ್ಕೂ ಹೆಚ್ಚು ನಳಿಕೆಗಳದು, ನದಿ ನೀರಿನಲ್ಲಿ ನಡೆಯೋದಲ್ಲ. ಆ ಜಾಗದಲ್ಲಿ ಮೊದಲು ಡ್ಯೂನ್ಸ್ ಅನ್ನೋ ಹೋಟೆಲ್ಲೂ ಅದರ ಗಾಲ್ಫ್ ಮೈದಾನವೂ ಇತ್ತು. ಆ ಮೈದಾನಕ್ಕೆ ಹಾಯಿಸುತ್ತಿದ್ದ ಸ್ವಂತ ಬಾವಿಯ ನೀರೇ ಈಗ ಕಾರಂಜಿಯ ಕೊಳಕ್ಕೆ. ಕಣ್ಣಿಗೆ ಕಾಣೋ ದುಂದೇ ಬೇರೆ, ಲೆಕ್ಕದಲ್ಲಿರೋ ದುಂದೇ ಬೇರೆ.

ಹಾಗಂತ ಆ ಊರನ್ನ ಹೊತ್ತು ಕುಣಿಯಬೇಕು ಅಂತಲ್ಲ. ಅವರ ತಲಾ ಬಳಕೆ ಇವತ್ತಿಗೂ ನಮಗಿಂತ ಬಹಳ ಹೆಚ್ಚು. ಆ ಕಟ್ಟಡಗಳನ್ನ ತಣ್ಣಗಿಡೋಕೆ ಸುಡೋ ಕರೆಂಟಿಗೆ ಮಿತಿಯಿಲ್ಲ. ಲೇಕ್ ಮೀಡ್ 2022ರ ಜುಲೈನಲ್ಲಿ 1930ರ ದಶಕದಲ್ಲಿ ತುಂಬಲು ಶುರುವಾದಾಗಿನಿಂದ ಅತಿ ಕೆಳಮಟ್ಟಕ್ಕೆ ಇಳಿದಿತ್ತು. ಅವರು ಒಳ್ಳೆಯವರು ಅಂತ ಅಲ್ಲ ನಾನು ಹೇಳ್ತಿರೋದು, ಅವರು ಲೆಕ್ಕ ಇಟ್ಟವರು ಅಂತ. ಮತ್ತೆ ಆ ಲೆಕ್ಕ ನೆಟ್ಟಗಿರೋದಕ್ಕೆ ಒಂದು ಕಾರಣ ಇದೆ: ಅವರು ಬಿಟ್ಟ ಬಚ್ಚಲ ನೀರು ಸೇರೋದು ಅವರೇ ಕುಡಿಯೋ ಜಲಾಶಯಕ್ಕೆ. ಶುದ್ಧೀಕರಣದಲ್ಲಿ ಕಳ್ಳಾಟ ಆಡಿದರೆ ಅದು ನಾಳೆ ಅವರ ಮಕ್ಕಳ ಲೋಟಕ್ಕೇ ಬರುತ್ತೆ.

ಈಗ ನಮ್ಮ ಬೆಂಗಳೂರು. ವೇಗಸ್‌ನಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು ನಾಲ್ಕು ಇಂಚು, ನಮ್ಮಲ್ಲಿ ಹೆಚ್ಚುಕಡಿಮೆ ಮೂವತ್ತೆಂಟು! ಆದರೂ ನಾವು ಕಾವೇರಿಯನ್ನ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಎಳೆದು, ಗುಡ್ಡ ಹತ್ತಿಸಿ ತರುತ್ತೇವೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರಿನ ಯೋಜನೆ ಬಂತು. ಅದೇ ವರ್ಷದ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಸಾವಿರಗಟ್ಟಲೆ ಬತ್ತಿ, ಕುಡಿಯೋ ನೀರಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ ಐದು ಸಾವಿರ ದಂಡ ಅಂತ ಜಲಮಂಡಳಿ ಆದೇಶ ಮಾಡಬೇಕಾಯ್ತು, ನೆನಪಿದೆ ತಾನೇ? ಕೆರೆಗಳ ಕಥೆ ಹೇಳೋದೇ ಬೇಡ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ನಾವು ದಿನಾ ಬಸ್ ಹತ್ತುತ್ತೇವೆ.

ಹಾಗಾದರೆ ನಾವು ಬಳಸಿ ಬಿಟ್ಟ ನೀರು ಎಲ್ಲಿಗೆ ಹೋಗುತ್ತೆ? ಪಶ್ಚಿಮದ ಕಡೆಯದು ವೃಷಭಾವತಿ ಹಿಡಿದು ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ಸಂಗಮ ಇರೋದು ನಾವು ನೀರು ಎತ್ತೋ ಜಾಗಕ್ಕಿಂತ ಕೆಳಗೆ! ಅಂದರೆ ನಮ್ಮ ಕೊಳಕು ನಮ್ಮ ನಲ್ಲಿಗೆ ಯಾವತ್ತೂ ವಾಪಸ್ ಬರೋದಿಲ್ಲ. ಪೂರ್ವದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿನ ಕಡೆಗೆ. ಬೆಳ್ಳಂದೂರಿನ ನೊರೆ, ಬೆಂಕಿ ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಕೆಸಿ ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಸಂಸ್ಕರಿಸಿದ ನೀರು ಹೋಗ್ತಿದೆ, ಬತ್ತಿದ ಕೆರೆಗಳು ತುಂಬಿದ್ದೂ ನಿಜ. ಆದರೆ ಅದು ಎರಡು ಹಂತದ ಶುದ್ಧೀಕರಣ ಮಾತ್ರ. ಮೂರನೇ ಹಂತವೂ ಬೇಕು ಅಂತ ಅಲ್ಲಿಯ ರೈತರು ಬೀದಿಗಿಳಿದು ಕೇಳಿದರು, ಕೋರ್ಟಿಗೂ ಹೋದರು. ಕೊಡೋಕೆ ನಮಗೇನು ಅವಸರ? ಅದನ್ನ ಕುಡಿಯೋರು ನಾವಲ್ಲವಲ್ಲ!

ಸಮಸ್ಯೆಯ ಬೇರು ಇಲ್ಲೇ ಇದೆ ಅಂತ ನನಗನ್ನಿಸೋದು. ಕಾವೇರಿಯನ್ನ ತಾಯಿ ಅಂತೀವಿ, ಬಾಗಿನ ಬಿಡ್ತೀವಿ, ಬಂದ್ ಮಾಡ್ತೀವಿ. ಅವಳ ಲೆಕ್ಕ ಮಾತ್ರ ಇಡೋದಿಲ್ಲ. ನೀವಿರೋ ಅಪಾರ್ಟ್‌ಮೆಂಟಿನ ಬೋರ್‌ವೆಲ್ಲಿಗೆ ಮೀಟರ್ ಇದೆಯಾ? ತಿಂಗಳಿಗೆ ಎಷ್ಟು ಟ್ಯಾಂಕರ್ ಬಂತು, ಅದು ಯಾವ ಹಳ್ಳಿಯ ನೀರು, ಎಸ್‌ಟಿಪಿಯಿಂದ ಹೊರಬಿದ್ದ ನೀರು ಎಲ್ಲಿಗೆ ಹೋಯ್ತು ಅಂತ ಒಂದು ಪುಸ್ತಕದಲ್ಲಾದರೂ ಬರೆದಿಡ್ತಾರಾ? ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸರ್ವರ್ ಎರಡು ನಿಮಿಷ ನಿಧಾನ ಆದರೆ ಗ್ರಾಫ್ ಹಾಕಿ ಮೂರು ಮೀಟಿಂಗ್ ಮಾಡ್ತೀವಿ. ಅದೇ ಗಾಜಿನ ಕಟ್ಟಡದ ಕೂಲಿಂಗ್ ಟವರಿನಿಂದ ದಿನಕ್ಕೆ ಎಷ್ಟು ನೀರು ಆವಿಯಾಗುತ್ತೆ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರೋದಿಲ್ಲ. ಆದರೆ ಕ್ಯಾಂಟೀನಿನ ನಲ್ಲಿ ಮೇಲೆ "ನೀರು ಅಮೂಲ್ಯ" ಅನ್ನೋ ಸ್ಟಿಕ್ಕರ್ ಮಾತ್ರ ತಪ್ಪದೆ ಇರುತ್ತೆ. ಅದೂ ಆ ಟವೆಲ್ ಕಾರ್ಡಿನ ತಮ್ಮನೇ.

ನಲ್ಲಿ ಬಿಗಿಯಾಗಿ ನಿಲ್ಲಿಸಿ ಅನ್ನೋದು ತಪ್ಪಲ್ಲ. ನೂರು ಕಿಲೋಮೀಟರಿನಿಂದ ಬಂದ ನೀರಿಗೆ ಆ ಮರ್ಯಾದೆ ಸಲ್ಲಬೇಕು. ಆದರೆ ಅಷ್ಟಕ್ಕೇ ಸಮಾಧಾನಪಟ್ಟರೆ ಆಗಲಿಲ್ಲ. ಬೋರ್‌ವೆಲ್ಲು, ಟ್ಯಾಂಕರ್ ಎರಡಕ್ಕೂ ಮೀಟರ್ ಬರಬೇಕು. ಆಫೀಸುಗಳ ಹುಲ್ಲು, ಕಾರಂಜಿ, ಕೂಲಿಂಗ್ ಟವರ್‌ಗೆ ಸಂಸ್ಕರಿಸಿದ ನೀರು ಬಿಟ್ಟು ಬೇರೆ ಕೊಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಸಂಸ್ಕರಿಸಿದ ನೀರಿನ ಒಂದಷ್ಟು ಪಾಲಾದರೂ ನಾವೇ ಕುಡಿಯೋ ಮೂಲಕ್ಕೆ ವಾಪಸ್ ಸೇರಬೇಕು. ಕೇಳೋಕೆ ವಾಕರಿಕೆ ಬರಬಹುದು. ಆದರೆ ಆ ವಾಕರಿಕೆಯೇ ನಮ್ಮನ್ನ ನಿಯತ್ತಾಗಿಡೋದು. ನಮ್ಮ ಬಾಯಿಗೆ ಆಗದ ನೀರು ಬೈರಮಂಗಲದ ರೈತನ ಹೊಲಕ್ಕೆ, ಕೋಲಾರದ ಕೆರೆಗೆ ಹೇಗೆ ಆಗುತ್ತೆ ಅಂತ ಇಲ್ಲಿ ತನಕ ನಾವು ಕೇಳಿಕೊಂಡಿಲ್ಲ.

ಒಂದು ಸಣ್ಣ ಕೆಲಸ ಮಾಡಿ ನೋಡಿ. ನಿಮ್ಮ ಮನೆಯ ಬಚ್ಚಲ ನೀರು ಯಾವ ರಾಜಕಾಲುವೆ ಸೇರುತ್ತೆ, ಅಲ್ಲಿಂದ ಯಾವ ಕೆರೆ, ಅಲ್ಲಿಂದ ಯಾರ ಊರು ಅಂತ ಪತ್ತೆ ಮಾಡಿ. ಬೆಂಗಳೂರೇ ಆಗಬೇಕಿಲ್ಲ, ಮೈಸೂರು, ಹುಬ್ಬಳ್ಳಿ, ಮಂಗಳೂರು ಯಾವುದಾದರೂ ಸರಿ. ಗೊತ್ತಾದರೆ ಬರೆಯಿರಿ, ಗೊತ್ತಾಗದಿದ್ದರೆ ಅದನ್ನೂ ಬರೆಯಿರಿ. ನೀವೇನಂತೀರಿ?